ಹೆಸರು ತುಂಬುವ ಜಾಗ

ಪ್ರಕಾಶನದ ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು
ಗುರುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಉಬ್ಬಸ ಹೇಗಿದೆ? ಚಳಿ ಶುರುವಾದರೆ ಎರಡು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದೆ, ಈಗಲೂ ಹಾಗೆಯೇನಾ? ಭಾವ ಚೆನ್ನಾಗಿದ್ದಾರಾ, ಇನ್ನೂ ಪಂಪು ರಿಪೇರಿ ಮಾಡುತ್ತಾರಾ? ಇಪ್ಪತ್ತಾರು ವರ್ಷ ಒಂದು ಸಾಲೂ ಬರೆಯದವಳು ಈಗ ದಿಂಬಿನ ಲೆಕ್ಕ ಕೇಳುತ್ತಿದ್ದಾಳಲ್ಲ ಎಂದು ನಿನಗೆ ನಗು ಬರಬಹುದು, ಸಿಟ್ಟೂ ಬರಬಹುದು. ಎರಡಕ್ಕೂ ನಾನು ತಯಾರಾಗಿಯೇ ಕೂತಿದ್ದೇನೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಿಬ್ಬರಿಗೂ ಕನ್ನಡದಲ್ಲಿ ಪತ್ರ ಬರೆಯಲು ಕಲಿಸಿದವಳು ಅಮ್ಮ. 'ಮೊದಲು ಅವರ ಮೈಕೈ ಹೇಗಿದೆ ಕೇಳು, ಆಮೇಲೆ ನಿನ್ನ ಗೋಳು ಹೇಳ್ಕೋ' ಎನ್ನುತ್ತಿದ್ದಳು. ಕೇಳಿದ್ದಾಯಿತು. ಇನ್ನು ಗೋಳು.

ನಾನು ಮಾಡುವ ಕೆಲಸ ನಿನಗೆ ಗೊತ್ತಿರಲಾರದು. ದೊಡ್ಡ ಪುಸ್ತಕಗಳ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಎಂಬ ಪಟ್ಟಿ ಇರುತ್ತದಲ್ಲ, ಇಂಡೆಕ್ಸ್, ಅದನ್ನು ಮಾಡುವವಳು ನಾನು. ಇದರಲ್ಲಿ ನನಗೆ ಹಳೆಯ ಅಭ್ಯಾಸವಿದೆ, ನಿನಗೂ ನೆನಪಿರಬೇಕು. ಅಪ್ಪನಿಗೆ ಕಣ್ಣು ಮಂಜಾಗಲು ಶುರುವಾದಾಗ ನನಗೆ ಹದಿಮೂರು. ಅಂದಿನಿಂದ, ಬೋಧಕರಾಗಿ ಅವರು ಸಭೆಯಲ್ಲಿ ಮಾಡುತ್ತಿದ್ದ ಭಾನುವಾರದ ಪ್ರಸಂಗಕ್ಕೆ ಧರ್ಮಗ್ರಂಥದಲ್ಲಿ ಬೇಕಾದ ಪುಟ ಹುಡುಕಿ, ಕಪ್ಪು ರಿಬ್ಬನ್ ಇಟ್ಟು ಕೊಡುತ್ತಿದ್ದವಳು ನಾನೇ. ಅಪ್ಪ ಸಭೆಯಲ್ಲಿ ಎಲ್ಲರೆದುರು 'ಇವಳು ನನ್ನ ಕನ್ನಡಕ' ಎಂದು ಹೆಮ್ಮೆಪಡುತ್ತಿದ್ದರು. ನೀನು ಅಡುಗೆಮನೆಯಲ್ಲಿ 'ಏ ಅಪ್ಪನ ಕನ್ನಡಕಾ, ಈ ಪಾತ್ರೆ ರಾಶಿ ಕಾಣಿಸ್ತಿಲ್ವೇನೇ?' ಎಂದು ಕಾಲೆಳೆಯುತ್ತಿದ್ದೆ. ನನಗೆ ಅಪ್ಪನ ಮಾತು ಇಷ್ಟವಾಗುತ್ತಿತ್ತು, ನಿನ್ನದು ಚುಚ್ಚುತ್ತಿತ್ತು. ಈಗ ನೆನಪಿಸಿಕೊಂಡರೆ ಎರಡರಲ್ಲಿ ನಿನ್ನ ಮಾತೇ ಹೆಚ್ಚು ಸತ್ಯ.

ಎರಡು ತಿಂಗಳಿಂದ ನನ್ನ ಮೇಜಿನ ಮೇಲೆ ಒಂದು ದಪ್ಪ ಪುಸ್ತಕದ ಕರಡು ಇದೆ. ಅಪ್ಪ ಓದುತ್ತಿದ್ದ ಧರ್ಮಗ್ರಂಥದ ಹಳೆಯ ಹೀಬ್ರೂ ಭಾಗವನ್ನು, ಅದು ಹುಟ್ಟಿದ ಕಾಲದ ನೆರೆಹೊರೆಯವರ ಬರಹಗಳ ಪಕ್ಕದಲ್ಲಿಟ್ಟು ವಿವರಿಸುವ ಪುಸ್ತಕ. ನಮ್ಮ ಮನೆಯಲ್ಲಿ ಆ ಗ್ರಂಥಕ್ಕೆ ನೆರೆಮನೆ ಎಂಬುದೇ ಇರಲಿಲ್ಲ ನೋಡು. ಅದು ನೇರ ಮೇಲಿನಿಂದ ಇಳಿದು ಅಪ್ಪನ ಮೇಜಿನ ಮೇಲೆ ಕೂತಿತ್ತು. ಇಲ್ಲಿ ನೋಡಿದರೆ ಅದರ ಸುತ್ತ ಊರಿಗೆ ಊರೇ ಇದೆ. ಮಹಾಪ್ರಳಯದಲ್ಲಿ ದೋಣಿ ಕಟ್ಟಿ ಹಕ್ಕಿ ಹಾರಿಬಿಟ್ಟವನ ಕಥೆಯನ್ನು ಎರಡು ನದಿಗಳ ನಡುವಿನ ಜನ ಮೊದಲೇ ಹಸಿ ಮಣ್ಣಿನ ಹಲಗೆಯ ಮೇಲೆ ಕೊರೆದಿಟ್ಟಿದ್ದರು. ಹೋರಿ ತಿವಿದರೆ ಏನು ದಂಡನೆ ಎಂಬ ಕಾನೂನೂ ಅವರಲ್ಲಿ ಇತ್ತು. ಮೊದಲ ವಾರ ನನಗೆ ಪುಸ್ತಕ ಬರೆದವರ ಮೇಲೆಯೇ ಕೋಪ ಬಂತು. ನಮ್ಮ ಮನೆಯೊಳಗೆ ಹೊರಗಿನವರು ಚಪ್ಪಲಿ ಹಾಕಿಕೊಂಡು ಓಡಾಡಿದ ಹಾಗೆ. ಎರಡನೇ ವಾರ ಶಾಪದ ಅಧ್ಯಾಯಕ್ಕೆ ಬಂದೆ.

ಯಾವ ಅಧ್ಯಾಯ ಎಂದು ನಿನಗೆ ಹೇಳಬೇಕಾಗಿಲ್ಲ. ತಲೆಯ ಮೇಲಿನ ಆಕಾಶ ತಾಮ್ರವಾಗಲಿ, ಕಾಲ ಕೆಳಗಿನ ನೆಲ ಕಬ್ಬಿಣವಾಗಲಿ ಎಂಬ ಧಾಟಿಯದು. ಆ ಭಾನುವಾರ ನೀನು ಕೈಚೀಲ ಹಿಡಿದು ಸಭಾಮಂದಿರದ ಬಾಗಿಲಲ್ಲಿ ನಿಂತಿದ್ದೆ. ಪಂಪು ರಿಪೇರಿಗೆ ಬಂದಿದ್ದವನನ್ನು ಮದುವೆಯಾಗುತ್ತೇನೆ, ಅಪ್ಪ ಗೊತ್ತುಮಾಡಿದ, ಅವರ ನಂತರ ಬೋಧಕರಾಗಬೇಕಾದವರು ನನಗೆ ಬೇಡ ಎಂದು ಹಿಂದಿನ ದಿನವೇ ಹೇಳಿಬಿಟ್ಟಿದ್ದೆ. ಜಗಳಕ್ಕೆ ಬಂದವಳಲ್ಲ ನೀನು, ಆಶೀರ್ವಾದ ಕೇಳಲು ಬಂದಿದ್ದೆ. ಅಪ್ಪ ರಿಬ್ಬನ್ ಇದ್ದ ಪುಟ ತೆರೆದು ಭೂತಗನ್ನಡಿ ಹಿಡಿದು ಓದತೊಡಗಿದರು. ಆ ಅಧ್ಯಾಯದ ಮೊದಲ ಭಾಗ ಪೂರ್ತಿ ಆಶೀರ್ವಾದವೇ. ಕೇಳುತ್ತ ನಿನ್ನ ಮುಖ ಅರಳಿತ್ತು. ಎರಡು ಹೆಜ್ಜೆ ಒಳಗೂ ಬಂದೆ. ಆಮೇಲೆ ಪುಟ ಮಗುಚಿತು, ಅಪ್ಪನ ದನಿ ಏರಿತು. ಗರ್ಭದ ಫಲಕ್ಕೂ ಶಾಪವಿರಲಿ ಎಂಬಲ್ಲಿಗೆ ಬಂದಾಗ ಕನ್ನಡಿ ಬಿಟ್ಟು ನಿನ್ನನ್ನೇ ನೋಡಿ ಹೇಳಿದರು. ಓದಿ ಮುಗಿಸಿ ಸದಸ್ಯರ ಪುಸ್ತಕ ತರಿಸಿ ನಿನ್ನ ಹೆಸರು ಹೊಡೆದು ಹಾಕಿದರು. ನೀನು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡೆ, ಅಷ್ಟೇ. ಅತ್ತಿದ್ದರೆ ಚೆನ್ನಾಗಿತ್ತು.

ನಾಲ್ಕು ವರ್ಷದ ಮೇಲೆ ನಿನ್ನದೊಂದು ಕಾರ್ಡು ಬಂತು. 'ಮಗು ಉಳೀಲಿಲ್ಲ ಕಣೇ. ಅಪ್ಪನಿಗೆ ಹೇಳ್ಬೇಡ, ಗೆದ್ದೆ ಅಂದ್ಕೋತಾರೆ.' ನಾನು ಹೇಳಲಿಲ್ಲ. ಅದೊಂದು ಮಾತು ನಡೆಸಿಕೊಟ್ಟೆ. ಆದರೆ ಉತ್ತರವನ್ನೂ ಬರೆಯಲಿಲ್ಲ, ಯಾಕೆಂದರೆ ಶಾಪ ತಟ್ಟಿತು ಎಂದೇ ನಾನು ನಂಬಿದೆ. ಕಾಲೇಜು ಓದಿದವಳು, ಇಂಗ್ಲಿಷಿನಲ್ಲಿ ವಾದ ಮಾಡುವವಳು, ನಿನ್ನ ಮಗು ಸತ್ತದ್ದು ಆ ಪುಟದಿಂದಲೇ ಎಂದು ನಂಬಿ ಕಾರ್ಡನ್ನು ಸೀರೆಗಳ ಕೆಳಗೆ ಅಡಗಿಸಿಟ್ಟೆ. ನೀನೂ ಹಾಗೇ ನಂಬಿದ್ದೀಯೇನೋ ಎಂದು ಯೋಚಿಸುವ ಧೈರ್ಯ ನನಗೆ ಈ ಚಳಿಗಾಲದವರೆಗೂ ಬರಲಿಲ್ಲ.

ಈಗ ಕೇಳು. ಹೀಬ್ರೂ ಜನರ ಪುಟ್ಟ ನಾಡನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಅಸ್ಸೀರಿಯದ ಚಕ್ರವರ್ತಿಯೊಬ್ಬನಿಗೆ ಒಂದೇ ಚಿಂತೆ ಇತ್ತು. ತಾನು ಆರಿಸಿದ ಮಗನೇ ತನ್ನ ನಂತರ ಕುರ್ಚಿಯಲ್ಲಿ ಕೂರಬೇಕು. ಅದಕ್ಕೆ ಅಧೀನ ನಾಡುಗಳ ದೊರೆಗಳನ್ನೆಲ್ಲ ಕರೆಸಿ ಆಣೆ ಹಾಕಿಸಿದ. ನನ್ನ ಮಗನನ್ನು ನಿಮ್ಮ ಜೀವದಂತೆ ಪ್ರೀತಿಸಬೇಕು, ತಪ್ಪಿದರೆ ಶಾಪ. ಆ ಒಪ್ಪಂದದ ಮಣ್ಣಿನ ಹಲಗೆಗಳು ನೆಲ ಅಗೆದಾಗ ಸಿಕ್ಕಿವೆ. ಅದರಲ್ಲಿಯೂ ನೆಲ ಕಬ್ಬಿಣವಾಗುತ್ತದೆ, ಆಕಾಶ ಕಂಚಾಗಿ ಮಳೆ ನಿಲ್ಲುತ್ತದೆ. ಹೆರಿಗೆಗಳು ನಿಂತು ಬೀದಿಯಲ್ಲಿ ಮಕ್ಕಳ ಅಳು ದಾದಿಯರಿಗೆ ಕೇಳಿಸದೇ ಹೋಗಲಿ ಎಂದೂ ಇದೆ. ಅಲ್ಲಿ ಪ್ರೀತಿ ಎಂದರೆ ತಲೆ ಎತ್ತದೆ ಇರುವುದು, ಅಷ್ಟೇ. ಒಂದೇ ಒಪ್ಪಂದದ ಹಲವು ಪ್ರತಿಗಳು ಸಿಕ್ಕಿವೆಯಂತೆ. ಎಲ್ಲದರಲ್ಲೂ ಅದೇ ಮಾತು, ಆಣೆ ಮಾಡಿದ ದೊರೆಯ ಹೆಸರು ಮಾತ್ರ ಬೇರೆ. ನಮ್ಮ ಕಚೇರಿಯ ಹಿರಿಯ ಪ್ರೂಫ್ ರೀಡರ್, ಎಲ್ಲರೂ ಭೂತಗನ್ನಡಿ ಎಂದೇ ಕರೆಯುವ ಮುದುಕ, ಆ ಹಾಳೆ ಓದಿ ಜೋರಾಗಿ ನಕ್ಕು, 'ಏನಮ್ಮಾ, ಯಾರಿಗಾದ್ರೂ ಶಾಪ ಹಾಕೋದಿದ್ರೆ ಇಲ್ಲಿ ರೆಡಿಮೇಡ್ ಫಾರಂ ಇದೆ ನೋಡಿ. ಹೆಸರು ತುಂಬಿಸಿದ್ರೆ ಸಾಕು!' ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಕೆಳಗಿಳಿದು ಹೋಗಿ ಗೋಡೌನಿನಲ್ಲಿ ಕಾಗದದ ಬಂಡಲುಗಳ ಮಧ್ಯೆ ಕೂತುಬಿಟ್ಟೆ. ಅದು ನಿನ್ನ ಮೇಲೆ ಬಿದ್ದ ಸಿಡಿಲೆಂದು ಇಪ್ಪತ್ತಾರು ವರ್ಷ ಅಂದುಕೊಂಡಿದ್ದೆನಲ್ಲ ಅಕ್ಕಾ, ಅದು ಆ ಕಾಲದ ಕಚೇರಿ ಬರವಣಿಗೆಯ ಮಾದರಿ. ಅರಮನೆಯ ಗುಮಾಸ್ತರು ಕೂತು ನಕಲು ಮಾಡುತ್ತಿದ್ದದ್ದು. ನಿನ್ನ ಮಗುವಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಇದನ್ನು ಹೇಳಲು ಇಪ್ಪತ್ತೆರಡು ವರ್ಷ ತಡ ಮಾಡಿದ್ದೇನೆ.

ಆದರೆ ಗ್ರಂಥವನ್ನು ಹೀಗಳೆದು ಕೈ ತೊಳೆದುಕೊಳ್ಳುವುದೂ ಸರಿಯಲ್ಲವೆನಿಸುತ್ತದೆ. ಈ ಪುಸ್ತಕ ಬರೆದವರು ಇನ್ನೊಂದು ಮಾತು ಹೇಳುತ್ತಾರೆ. ಆ ಪುಟ್ಟ ನಾಡಿನ ಲಿಪಿಕಾರರು ಚಕ್ರವರ್ತಿಯ ಭಾಷೆಯನ್ನೇ ಎತ್ತಿಕೊಂಡು, ಅವನ ಹೆಸರಿದ್ದ ಜಾಗದಲ್ಲಿ ತಮ್ಮ ದೇವರ ಹೆಸರು ಬರೆದರಂತೆ. ನಾವು ತಲೆ ಬಾಗುವುದು ದೇವರಿಗೆ, ನಿನಗಲ್ಲ ಎಂದು. ಎಲ್ಲ ಪಂಡಿತರೂ ಇದನ್ನು ಒಪ್ಪುವುದಿಲ್ಲ. ನಿಜವಾಗಿದ್ದರೆ ಎಂಥ ಎದೆಗಾರಿಕೆ, ಅಲ್ಲವೇ? ತುಳಿಯುವವನ ಕಾಗದದಲ್ಲೇ ತುಳಿಯುವವನ ಹೆಸರು ಅಳಿಸುವುದು! ನಮ್ಮ ಅಪ್ಪ ಏನು ಮಾಡಿದರು? ದೇವರನ್ನು ಒಂಚೂರು ಸರಿಸಿ ಆ ಜಾಗದಲ್ಲಿ ತಾವು ಕೂತರು. ತಾನು ಆರಿಸಿದವನೇ ತನ್ನ ಕುರ್ಚಿಗೆ ಬರಬೇಕು ಎಂಬ ಆಸೆ, ಅದಕ್ಕೆ ಆಣೆಯ ಬದಲು ಒಂದು ಮದುವೆ, ತಪ್ಪಿದ ಮಗಳಿಗೆ ಶಾಪ. ಇಡೀ ಜನಾಂಗಕ್ಕೆ ಹೇಳಿದ್ದನ್ನು ಇಪ್ಪತ್ತಮೂರು ವರ್ಷದ ಒಬ್ಬ ಹುಡುಗಿಯ ಮೇಲೆ ಸುರಿದರು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಕೊನೆಯಲ್ಲಿ ನಿನ್ನ ಹೆಸರು ಹೇಳಿದರು ಎಂದು ಬರೆಯಲು ಕೈ ಹಾತೊರೆಯುತ್ತದೆ. ಹೇಳಲಿಲ್ಲ.

ಅವರು ಆರಿಸಿದವನೇ ಕುರ್ಚಿಗೆ ಬಂದ. ಅವನ ಗರಿಗರಿ ಅಂಗಿ ನೋಡಿ 'ಇಸ್ತ್ರಿ' ಎಂದು ನೀನು ಹೆಸರಿಟ್ಟಿದ್ದೆಯಲ್ಲ, ಇಪ್ಪತ್ತೆರಡು ವರ್ಷದಿಂದ ಆ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿರುವವಳು ನಾನು. ನಿನಗೆ ಸುದ್ದಿ ಮುಟ್ಟಿರಬೇಕು. ನಮಗೆ ಒಬ್ಬಳೇ ಮಗಳು, ಈಗ ಇಪ್ಪತ್ತು. ನಿನ್ನ ಮೂಗು, ನಿನ್ನ ಹಟ. ಸಭೆಯ ಹಳೆಯ ಸದಸ್ಯರ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಹಚ್ಚಿಕೊಂಡವಳು ಒಂದು ಪುಟದಲ್ಲಿ ನಿಂತಳು. ಹೆಸರನ್ನು ಎಷ್ಟು ಒತ್ತಿ ಹೊಡೆದಿದ್ದರೆಂದರೆ ಕಾಗದವೇ ಹರಿದಿತ್ತು. ಕಳೆದ ಭಾನುವಾರ ಎಲ್ಲರೆದುರು ಎದ್ದು, 'ಇವ್ರು ನನ್ನ ದೊಡ್ಡಮ್ಮ ಅಂತೆ. ಇವರ ಹೆಸರು ಮತ್ತೆ ಸೇರಿಸ್ಬೇಕು' ಎಂದಳು. ಅವಳಪ್ಪ 'ಆ ಹೆಸರು ಇಲ್ಲಿ ಎತ್ತಬಾರದು' ಎಂದರು. 'ಹಾಗಾದ್ರೆ ಪೆನ್ನು ತಗೊಳ್ಳಿ, ನಂದೂ ಹೊಡೆದು ಹಾಕಿ' ಎಂದಳು. ಮುಂದಿನ ಸಾಲಿನ ಮುದುಕಿಯರು ತೆರೆದ ಬಾಯಿ ಮುಚ್ಚಲಿಲ್ಲ. ನಿಜ ಹೇಳಲೇ, ನನಗೆ ಭಯಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ನಿನ್ನ ಹೆಸರು ಹೊಡೆದ ದಿನ, ಹತ್ತೊಂಬತ್ತರಲ್ಲಿ, ನನಗೆ ಆ ಬಾಯಿ ಇರಲಿಲ್ಲ.

ಮೊನ್ನೆ ಊಟದ ಮೇಜಿನ ಮುಂದೆ ನನ್ನ ಗಂಡ ಗ್ರಂಥವನ್ನು ನನ್ನ ಕಡೆಗೆ ತಳ್ಳಿ, 'ಆವತ್ತು ಮಾವ ಓದಿದ್ರಲ್ಲ, ಅದೇ ಪುಟಕ್ಕೆ ಗುರುತು ಹಾಕಿಡು. ಭಾನುವಾರಕ್ಕೆ ಬೇಕು' ಎಂದರು. ದನಿಯೇನೂ ಏರಿರಲಿಲ್ಲ, ಉಪ್ಪು ಕೇಳಿದ ಹಾಗೆ ಕೇಳಿದರು. ನಾನು 'ಹೂಂ' ಎಂದೆ. ಇಷ್ಟು ವರ್ಷದ ಅಭ್ಯಾಸ. ಗ್ರಂಥ ಈಗ ನನ್ನ ಚೀಲದಲ್ಲಿದೆ, ರಿಬ್ಬನ್ ಇನ್ನೂ ಇಟ್ಟಿಲ್ಲ. ಭಾನುವಾರ ನಾನೇ ಎದ್ದು ನಿಂತು ಎಲ್ಲ ಹೇಳುತ್ತೇನೆ ಎಂದು ಇಲ್ಲಿ ಬರೆಯಲು ಹೋಗಿ ಮೂರು ಸಲ ಹೊಡೆದು ಹಾಕಿದೆ, ಗುರುತು ಕಾಣಿಸುತ್ತಿರಬಹುದು. ಮಾಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ಬಾಗಿಲಲ್ಲಿ ಚೀಲ ಹಿಡಿದು ನಿಂತು ಆ ಪುಟ ಕೇಳಿಸಿಕೊಳ್ಳುವವಳು ನಮ್ಮ ಮನೆಯಲ್ಲಿ ಇನ್ನೊಬ್ಬಳು ಆಗಬಾರದು.

ಭಾವನಿಗೆ ನನ್ನ ನಮಸ್ಕಾರ ಹೇಳು. ದೊಡ್ಡವಳು ನೀನು, ಹರಸಬೇಕಾದವಳೂ ನೀನೇ. ಆಶೀರ್ವಾದ ನನಗೆ ಬೇಡ, ಕೇಳುವ ಮುಖವೂ ನನಗಿಲ್ಲ. ಆರೋಗ್ಯ ನೋಡಿಕೋ.

ನಿನ್ನ ತಂಗಿ,
ಅಪ್ಪನ ಕನ್ನಡಕ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಬೇಕೆಂದೇ ಕೊನೆಗಿಟ್ಟೆ: ಈ ಪತ್ರ ಅಂಚೆಯಲ್ಲಿ ಬಂದಿಲ್ಲ. ತಂದವಳು ನನ್ನ ಮಗಳು, ನೀನು ಇದನ್ನು ಓದುವಾಗ ನಿನ್ನ ಬಾಗಿಲಲ್ಲಿ ನಿಂತಿರುತ್ತಾಳೆ. ವಿಳಾಸ ಹುಡುಕಿದವಳೂ ಅವಳೇ. ಅವಳಿಗೆ ಗೊತ್ತಿಲ್ಲದ್ದು ಒಂದಿದೆ. ಆ ಶನಿವಾರ ಅಪ್ಪ ನನ್ನನ್ನು ಕರೆದು, 'ಮಾತು ಕೇಳದ ಮಕ್ಕಳ ಬಗ್ಗೆ ಏನಾದ್ರೂ ಹುಡುಕಿಡು. ಜಾಸ್ತಿ ಖಾರ ಬೇಡ, ಎಷ್ಟಾದ್ರೂ ನಮ್ಮ ಹುಡುಗಿ' ಎಂದಿದ್ದರು. ಆ ಪುಟಕ್ಕೆ ರಿಬ್ಬನ್ ಇಟ್ಟವಳು ನಾನು. 'ಇದಾ?' ಎಂದು ಅಪ್ಪ ಅನುಮಾನಪಟ್ಟಾಗ 'ಆಶೀರ್ವಾದದಿಂದ ಶುರುವಾಗುತ್ತಲ್ಲಪ್ಪ' ಎಂದೆ. ಅಷ್ಟು ಓದಿ ನಿಲ್ಲಿಸುತ್ತೇನೆ ಎಂದರು. ನಿಲ್ಲಿಸಲಿಲ್ಲ, ಅದು ಅವರ ಪಾಲು. ರಿಬ್ಬನ್ ನನ್ನ ಪಾಲು. ಆ ಇಸ್ತ್ರಿ ಅಂಗಿಯವನು ನನಗೆ ಬೇಕಾಗಿತ್ತು ಅಕ್ಕಾ, ನೀನು ಮನಸ್ಸು ಬದಲಿಸಿ ವಾಪಸು ಬಂದರೆ ಎಂದು ಹೆದರಿದ್ದೆ. ಬಾಗಿಲು ಹಾಕಬೇಕು ಎನಿಸಿದರೆ ನನ್ನ ಮೇಲೆ ಹಾಕು. ಮೊದಲು ಅವಳನ್ನು ಒಳಗೆ ಕರೆದುಕೋ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಕೇಳಿದರೆ ಹಸಿವಿಲ್ಲ ಎನ್ನುತ್ತಾಳೆ, ನಂಬಬೇಡ.