ಕುತ್ತಿಗೆಯಲ್ಲಿ ಕಿವಿಯಿದ್ದ ರಾಜ

ಮನೆಯಿಂದ,
ಹದಿನಾಲ್ಕನೇ ತಾರೀಕು, ಗುರುವಾರ, ಬೆಳಗ್ಗೆ ಆರೂವರೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ, ಕೇಳಿದರೆ ನಿಜ ಹೇಳುವವಳಲ್ಲ ನೀನು. ಅಕ್ಕನಿಗೆ ನಿದ್ದೆ ಆಗುತ್ತಿದೆಯಾ? ಕೂಸಿಗೆ ನಾಳೆಗೆ ಇಪ್ಪತ್ತು ದಿನ. ಭಾವ ಫೋಟೋ ತೋರಿಸಿದರು. ಥೇಟ್ ನಮ್ಮಪ್ಪನ ಹಾಗೆ ಹುಬ್ಬು ಗಂಟಿಕ್ಕಿಕೊಂಡು, ನಮ್ಮನ್ನೆಲ್ಲ ಪರೀಕ್ಷೆ ಮಾಡುವವರ ಹಾಗೆ ನೋಡುತ್ತಿದೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದೆ ಅಂದುಕೋ. ಅಡುಗೆ ನಡೆದಿದೆ. ಒಂದು ದಿನ ಉಪ್ಪು ಮರೆಯುತ್ತೇನೆ, ಮರುದಿನ ಎರಡು ದಿನದ್ದೂ ಸೇರಿಸಿ ಹಾಕುತ್ತೇನೆ. ಅಪ್ಪ ಏನೂ ಅನ್ನುವುದಿಲ್ಲ, ನೀರು ಮಾತ್ರ ಜಾಸ್ತಿ ಕುಡಿಯುತ್ತಾರೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಇಡೀ ಮನೆಗೆ ಕೇಳಿಸುವವಳು, ಈ ಕಡೆ ಅಪ್ಪನ ಕುರ್ಚಿ ನನ್ನ ಕೋಣೆಯ ಬಾಗಿಲಿಗೇ ಒತ್ತಿಕೊಂಡಿದೆ. ಅದಕ್ಕೇ ಈ ಕಾಗದ. ಆಫೀಸಿನ ಕೆಲಸಕ್ಕೆಂದು ಬಂದಿದ್ದ ಭಾವ ಎಂಟರ ಬಸ್ಸಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಸ್ನಾನಕ್ಕೆ ಹೋಗಿದ್ದಾರೆ, ಅವರ ಸ್ನಾನ ಎಂಥದ್ದೆಂದು ನಿನಗೂ ಗೊತ್ತು, ಹಾಗಾಗಿ ಒಂದಿಷ್ಟು ಸಮಯ ಇದೆ. ಎರಡು ಹಾಳೆ ಬರೆದು ಹರಿದು ಹಾಕಿದ್ದೇನೆ, ಇದು ಮೂರನೆಯದು. ಒಂದು ಕಡೆ ಕೂರಲಾಗುತ್ತಿಲ್ಲ ಅಮ್ಮಾ, ಬಾಲ ಸುಟ್ಟ ಬೆಕ್ಕಿನ ಹಾಗೆ ಆಗಿದ್ದೇನೆ. ಎರಡು ಸಾಲು ಬರೆದು ಎದ್ದು ಕಿಟಕಿಯ ತನಕ ಹೋಗಿ ಬರುತ್ತೇನೆ, ಬಂದರೆ ಪೆನ್ನು ಎಲ್ಲಿಟ್ಟೆ ಎಂದು ಹುಡುಕುತ್ತೇನೆ.

ಭಾನುವಾರ ನಾಣ್ಯ ಸಂಘದಲ್ಲಿ ಅಪ್ಪ ಮಾತಾಡುವುದು ನಿನಗೆ ನೆನಪಿದೆಯಲ್ಲ. ಹಿಂದಿನ ಬೆಂಚಿನಲ್ಲೇ ಹದಿನಾಲ್ಕು ವರ್ಷ ಕೂತು ಬಂದವರಿಗೆ ಈ ಸಲ ಅರ್ಧ ಗಂಟೆ ಕೊಟ್ಟಿದ್ದಾರೆ. ಯಾವ ನಾಣ್ಯದ ಮೇಲೆ ಮಾತಾಡುತ್ತಾರೆ ಎಂದು ಕೇಳಲೇಬೇಕಿಲ್ಲ. ಕುತ್ತಿಗೆಯಲ್ಲಿ ಕಿವಿಯಿರುವ ರಾಜ! ಆ ಕಥೆ ನಿನಗೆ ಬಾಯಿಪಾಠ ಆಗಿದೆ, ಆದರೂ ಬರೆಯುತ್ತೇನೆ. ಹೊಸ ರಾಜ ಊರು ಗೆದ್ದ. ಬೆಳ್ಳಿ ತರಿಸಿ, ಕರಗಿಸಿ, ಹೊಸ ಬಿಲ್ಲೆ ಮಾಡಿಸುವಷ್ಟು ತಾಳ್ಮೆ ಅವನಿಗಿಲ್ಲ. ಸೋತವನ ನಾಣ್ಯಗಳನ್ನೇ ರಾಶಿ ಹಾಕಿಸಿ, ಕಾಯಿಸಿ, ಅದರ ಮೇಲೆಯೇ ತನ್ನ ಮುಖದ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆಸಿದ. ನಮ್ಮ ನಾಣ್ಯದ ಮೇಲೆ ಆ ಪೆಟ್ಟು ಒಂದು ಎಳೆಯಷ್ಟು ಜಾರಿತು. ಹೊಸ ರಾಜನ ಗದ್ದದ ಕೆಳಗೆ, ಕುತ್ತಿಗೆಯ ಮೇಲೆ, ಹಳೆಯ ರಾಜನ ಕಿವಿ ಹಾಗೇ ಉಳಿಯಿತು. ‘ಗೆದ್ದೋನಿಗೆ ಆತುರ ಕಣೋ, ಆ ಆತುರಕ್ಕೇ ಸೋತೋನ ಕಿವಿ ಉಳ್ಕೊಂಡಿದ್ದು’ ಎಂದು ಅಪ್ಪ ಹೇಳುವಾಗ ಅವರ ದನಿ ಯಾವಾಗಲೂ ಒಂದು ಮೆಟ್ಟಿಲು ಇಳಿಯುತ್ತದೆ. ಚಿಕ್ಕವನಿದ್ದಾಗ ನನಗೆ ಆ ಕಿವಿ ಇನ್ನೂ ಕೇಳಿಸಿಕೊಳ್ಳುತ್ತಿದೆ ಎಂದೇ ನಂಬಿಕೆ ಇತ್ತು, ಅದರ ಎದುರು ಸುಳ್ಳು ಹೇಳುತ್ತಿರಲಿಲ್ಲ.

ನಾಣ್ಯದ ಮೇಲಿನ ಚಿತ್ರ ಎಂದರೆ ಅಪ್ಪನಿಗೆ ಅಲಂಕಾರ ಅಲ್ಲ, ಸುದ್ದಿ. ಓದು ಬರದ ಜನಕ್ಕೆ ರಾಜ ಕಳಿಸಿದ ಓಲೆ ಅದು, ಸಂತೆಯಿಂದ ಸಂತೆಗೆ ಕೈ ಬದಲಾಯಿಸಿಕೊಂಡು ಹೋಗುತ್ತದೆ ಎನ್ನುತ್ತಾರೆ. ಹಡಗು ಕೆತ್ತಿಸಿದ್ದರೆ ರಾಜನಿಗೆ ಬಂದರು ಸಿಕ್ಕಿದೆ ಎಂದು ಅರ್ಥ, ಇಲ್ಲವೇ ಸಿಗಲಿ ಎಂಬ ಆಸೆ. ಮುಖ ವರ್ಷದಿಂದ ವರ್ಷಕ್ಕೆ ಚಿಕ್ಕ ವಯಸ್ಸಿನದಾಗುತ್ತಾ ಹೋದರೆ ರಾಜನಿಗೆ ಮುಪ್ಪು ಬಂದಿದೆ, ಅದನ್ನು ಮುಚ್ಚಿಡುತ್ತಿದ್ದಾನೆ. ಇದನ್ನೆಲ್ಲ ಭಾನುವಾರ ಹೇಳಬೇಕೆಂದು ಮೂರು ತಿಂಗಳಿಂದ ವರಾಂಡದಲ್ಲಿ ಓಡಾಡಿಕೊಂಡು ಅಭ್ಯಾಸ ಮಾಡಿದ್ದಾರೆ. ನೀನು ಹೋದ ಮೇಲೆ ಅವರ ಸಭೆಗೆ ನಾನೊಬ್ಬನೇ.

ಸಂಘದ ಪದ್ಧತಿ ಗೊತ್ತಲ್ಲ. ಮಾತಾಡಿದವರು ತಮ್ಮ ನಾಣ್ಯವನ್ನು ಬೆಂಚಿನಿಂದ ಬೆಂಚಿಗೆ ದಾಟಿಸಬೇಕು, ಪ್ರತಿಯೊಬ್ಬರೂ ಮುಟ್ಟಿ ನೋಡಬೇಕು. ಕೊಡಲಿಲ್ಲವೆಂದರೆ ಅದರಲ್ಲಿ ಏನೋ ಐಬಿದೆ ಎಂದೇ ಲೆಕ್ಕ. ಮೂರನೇ ಬೆಂಚಿನ ತುದಿಯಲ್ಲಿ ತಕ್ಕಡಿ ಮೇಷ್ಟ್ರು ಕೂತಿರುತ್ತಾರೆ. ಅಂಗಿ ಜೇಬಿನಲ್ಲಿ ಪುಟ್ಟ ತಕ್ಕಡಿ ಇಟ್ಟುಕೊಂಡೇ ಓಡಾಡುವ ಆ ಮಹಾನುಭಾವರು, ಕೈಗೆ ಬಂದ ಯಾವ ನಾಣ್ಯವನ್ನೂ ತೂಗದೆ ಮುಂದೆ ಕಳಿಸಿದವರಲ್ಲ. ಅಪ್ಪನಿಗೂ ಅವರಿಗೂ ಹಳೆಯ ಜಿದ್ದು, ಅದರ ಮೂಲ ಏನೆಂದು ಇಬ್ಬರಿಗೂ ಈಗ ನೆನಪಿಲ್ಲ.

ಇನ್ನು ಸುತ್ತಿ ಬಳಸುವುದು ಬೇಡ. ಸೋಮವಾರ ನನ್ನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಹಿಂದಿನ ಬೆಂಚಿನವರಿಗೂ ಕಾಣುವಂತೆ ಆ ನಾಣ್ಯದ್ದೇ ಒಂದು ದೊಡ್ಡ ಪ್ರತಿಯನ್ನು, ಊಟದ ತಟ್ಟೆಯಷ್ಟು ಅಗಲಕ್ಕೆ, ಪ್ಲಾಸ್ಟರಿನಲ್ಲಿ ಕೆತ್ತಿ ಅಪ್ಪನ ಕೈಗಿಟ್ಟು ಬೆರಗುಗೊಳಿಸಬೇಕು ಎಂದು. ಹನ್ನೊಂದು ವರ್ಷದಿಂದ ಪರರ ಬಾಯಿಗೆ ಹಲ್ಲು ಕೆತ್ತುತ್ತಿದ್ದೇನೆ, ನಮ್ಮಪ್ಪನಿಗೊಂದು ರಾಜನನ್ನು ಕೆತ್ತಲಾರೆನಾ? ನೋಡಿ ಕೆತ್ತಲು ಮೊದಲು ಒಂದು ಅಚ್ಚು ತೆಗೆಯಬೇಕಲ್ಲ, ಅಪ್ಪ ವಾಕಿಂಗ್ ಹೋದಾಗ ಅವರು ನಾಣ್ಯ ಜೋಡಿಸಿಡುವ ಗುಳಿಗಳ ತಟ್ಟೆಯಿಂದ ಅದನ್ನು ಎತ್ತಿಕೊಂಡು ಹಲ್ಲಿನ ಲ್ಯಾಬಿಗೆ ಹೋದೆ. ಕೇಳಲಿಲ್ಲ, ಕೇಳಿದ್ದರೆ ಕೊಡುತ್ತಿರಲಿಲ್ಲ.

ಅಚ್ಚು ತುಂಬಾ ಚೆನ್ನಾಗಿ ಬಂತು ಅಮ್ಮಾ, ಕಿವಿಯ ಮಡಿಕೆ ಸಹ ಒಡೆದು ಕಂಡಿತು. ಅಚ್ಚನ್ನು ಕಪಾಟಿನಲ್ಲಿಟ್ಟು ನಾಣ್ಯವನ್ನು ಮೇಜಿನ ಮೇಲೆ ಬಿಟ್ಟೆ. ಅದೇ ಮೇಜಿನ ಮೇಲೆ ಎರಕ ಮುಗಿಸಿದ ಆರು ಹಲ್ಲಿನ ಕ್ಯಾಪುಗಳಿದ್ದವು. ಅಷ್ಟರಲ್ಲಿ ಡಾಕ್ಟರಮ್ಮ ಪಕ್ಕದ ಕ್ಲಿನಿಕ್ಕಿನಿಂದ, ಪೇಷಂಟ್ ಬಾಯಿ ತೆಗೆದು ಕೂತು ಅರ್ಧ ಗಂಟೆ ಆಯಿತು ಎಂದು ಕೂಗಿದರು. ನನ್ನ ಕೈಗೆ ಒಂದು ಅಭ್ಯಾಸ ಇದೆ. ಒಂದನ್ನು ಎತ್ತು, ಮರಳು ಊದುವ ಯಂತ್ರಕ್ಕೆ ಹಿಡಿ, ಪಾಲಿಶ್ ಚಕ್ರಕ್ಕೆ ಒತ್ತು, ಪಕ್ಕಕ್ಕಿಡು, ಮುಂದಿನದು. ತಲೆ ಎಲ್ಲೋ ಇರುತ್ತದೆ, ಕೈ ತನ್ನ ಪಾಡಿಗೆ ದುಡಿಯುತ್ತದೆ. ಆರು ಕ್ಯಾಪಿನ ಸಾಲಿನಲ್ಲಿ ಏಳನೆಯದನ್ನೂ ಎತ್ತಿದೆ. ಇದು ಹಲ್ಲಿನ ಆಕಾರದಲ್ಲಿಲ್ಲವಲ್ಲ ಎಂದು ಹೊಳೆಯುವಷ್ಟರಲ್ಲಿ ಕೆಲಸ ಮುಗಿದಿತ್ತು. ರಾಜ ಫಳಫಳ ಹೊಳೆಯುತ್ತಿದ್ದ. ಕುತ್ತಿಗೆ ನುಣ್ಣಗಾಗಿತ್ತು. ಅಷ್ಟು ಆತುರದ ರಾಜ ಸುತ್ತಿಗೆಯಲ್ಲಿ ಹೊಡೆಸಿ ಅಳಿಸಲಾಗದ ಕಿವಿಯನ್ನು ನಾನು ಅರ್ಧ ನಿಮಿಷದಲ್ಲಿ ಅಳಿಸಿ ಹಾಕಿದೆ.

ಆಮೇಲೆ ಕಪಾಟಿನಲ್ಲಿದ್ದ ಅಚ್ಚು ನೆನಪಾಯಿತು. ಕಿವಿ ಅದರಲ್ಲಿ ಇನ್ನೂ ಇತ್ತು! ನೀನು ಬೀರುವಿನಲ್ಲಿ ಎತ್ತಿಟ್ಟಿದ್ದೆಯಲ್ಲ, ನಾನು ಮಗುವಾಗಿದ್ದಾಗಿನ ಬೆಳ್ಳಿ ಸರ, ಅದನ್ನು ಮಂಗಳವಾರ ಕರಗಿಸಿದೆ. ಅದಕ್ಕೆ ಬೇರೆ ಬೈಯುವೆಯಂತೆ, ಈಗ ಬೇಡ. ಹಲ್ಲು ಎರಕ ಹೊಯ್ಯುವ ಹಾಗೆಯೇ ರಾಜನನ್ನು ಹೊಯ್ದೆ, ದ್ರಾವಣದಲ್ಲಿ ಅದ್ದಿ ಕಪ್ಪು ಹಿಡಿಸಿದೆ, ಅಂಚು ಉಜ್ಜಿದೆ. ಉಜ್ಜಿಹೋದ ಅಸಲಿಯನ್ನು ಲ್ಯಾಬಿನ ಕಪಾಟಿನಲ್ಲೇ ಬಚ್ಚಿಟ್ಟು, ಸಂಜೆ ಅಪ್ಪ ಸ್ನಾನಕ್ಕೆ ಹೋದಾಗ ನಕಲನ್ನು ತಟ್ಟೆಯಲ್ಲಿ ಅದರ ಗುಳಿಗೆ ಕೂರಿಸಿಬಿಟ್ಟೆ. ಬಿಸಿ ಲೋಹ ತಣಿದಾಗ ಕುಗ್ಗುತ್ತದೆ, ಎರಕದ ನಕಲು ಅಸಲಿಗಿಂತ ಒಂದು ಕೂದಲಾದರೂ ಚಿಕ್ಕದು ಎಂದು ನನಗೆ ಹೇಳಿಕೊಟ್ಟವರು ಇದೇ ಅಪ್ಪ. ಅವರಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಲಿ, ಬೈಯಲಿ, ಕಾಲಿಗೆ ಬಿದ್ದು ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೆ. ನಾನಾಗಿ ಬಾಯಿಬಿಡುವ ಧೈರ್ಯ ಮಾತ್ರ ಬರಲಿಲ್ಲ.

ನಿನ್ನೆ ಸಂಜೆ ಭಾವನಿಗೆ ತೋರಿಸಲೆಂದು ತಟ್ಟೆ ಹೊರಗೆ ಬಂತು. ಅಪ್ಪ ನೇರ ಅದನ್ನೇ ಎತ್ತಿಕೊಂಡರು. ಹೆಬ್ಬೆರಳಿನಿಂದ ಒಂದು ಸುತ್ತು ಸವರಿದರು. ಇನ್ನೊಂದು ಸುತ್ತು ಸವರಿ, ಭೂತಗನ್ನಡಿಯನ್ನು ಕಣ್ಣಿಗೆ ಅಂಟುವಷ್ಟು ಹತ್ತಿರ ತಂದು, ‘ನೋಡಿ, ಕಿವಿ ಗುಳೀಲಿ ಹಸಿರು ಚುಕ್ಕೆ ಎಷ್ಟು ಚೆನ್ನಾಗಿ ಕೂತಿದೆ’ ಎಂದರು. ಭಾವ ಹೌದು ಹೌದು ಎಂದು ತಲೆ ಆಡಿಸಿದರು, ಅವರು ಎಲ್ಲದಕ್ಕೂ ಹಾಗೇ. ನಾನು ಅಡುಗೆಮನೆಗೆ ಹೋಗಿ, ಬದುಕಿದೆಯಾ ಬಡಜೀವವೇ ಎಂದು ಎರಡು ಲೋಟ ನೀರು ಕುಡಿದೆ.

ಮೂರನೇ ಲೋಟಕ್ಕೆ ಕೈ ನಿಂತಿತು. ಹಸಿರು ಚುಕ್ಕೆ ಇದ್ದದ್ದು ಅಸಲಿಯಲ್ಲಿ. ನನ್ನ ನಕಲಿನಲ್ಲಿ ಇಲ್ಲ, ಹಸಿರು ಹಿಡಿಸುವ ವಿದ್ಯೆ ನನಗೆ ಬರುವುದಿಲ್ಲ. ಅಪ್ಪ ನೋಡುತ್ತಿರಲಿಲ್ಲ ಅಮ್ಮಾ, ನೆನಪಿನಿಂದ ಒಪ್ಪಿಸುತ್ತಿದ್ದರು. ಒಂದೊಂದಾಗಿ ಎಲ್ಲ ತಲೆಗೆ ಬರತೊಡಗಿತು. ಲೋಟಕ್ಕೆ ನೀರು ಹಾಕುವಾಗ ಬೆರಳನ್ನು ಒಳಗೆ ಇಳಿಬಿಡುತ್ತಾರೆ. ಪೇಪರ್ ಹಿಡಿದು ಕೂರುತ್ತಾರೆ, ಪುಟ ತಿರುವುವುದಿಲ್ಲ, ಆಮೇಲೆ ಏನು ಸುದ್ದಿ ಎಂದು ನನ್ನನ್ನೇ ಕೇಳುತ್ತಾರೆ. ನಾನೋ, ವಯಸ್ಸಾದವರು ಮಾತಿಗೆ ಎಳೆಯುತ್ತಾರೆ ಎಂದುಕೊಂಡು ಅವಸರದಲ್ಲಿ ಎರಡು ಸುದ್ದಿ ಹೇಳಿ ಓಡುತ್ತಿದ್ದೆ. ರಾತ್ರಿ ತಟ್ಟೆಗಳನ್ನು ತೆಗೆದು ನೋಡಿದರೆ ಅಪ್ಪ ನಾಣ್ಯಗಳ ಕೆಳಗೆ ಬರೆದಿಡುವ ಚೀಟಿಗಳಲ್ಲಿ ಹೋದ ವರ್ಷದಿಂದ ಈಚಿನವೆಲ್ಲ ನಿನ್ನ ಅಕ್ಷರದಲ್ಲಿವೆ. ನಿನಗೆ ಗೊತ್ತಿತ್ತು, ಅಲ್ಲವಾ? ಗೊತ್ತಿದ್ದೂ ನನಗೇಕೆ ಹೇಳಲಿಲ್ಲ? ಒಂದೇ ಸೂರಿನ ಕೆಳಗೆ ಇದ್ದುಕೊಂಡು, ದಿನವಿಡೀ ಪರರ ಬಾಯೊಳಗೆ ಕೂದಲೆಳೆಯಷ್ಟು ಬಿರುಕು ಹುಡುಕುವ ನನಗೆ ನಮ್ಮಪ್ಪನ ಕಣ್ಣು ಕಾಣಲಿಲ್ಲ. ನಾಚಿಕೆಯಾಗುತ್ತದೆ.

ಈಗ ನೀನೇ ದಾರಿ ಹೇಳು. ನನ್ನ ತಪ್ಪು ಒಪ್ಪಿಕೊಂಡರೆ, ನಕಲು ಕೈಯಲ್ಲಿದ್ದರೂ ತಮಗೆ ತಿಳಿಯಲಿಲ್ಲ ಎಂದು ಅಪ್ಪನಿಗೆ ಗೊತ್ತಾಗುತ್ತದೆ. ಅವರು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ನಾನು ಬಯಲಿಗೆ ಎಳೆದ ಹಾಗೆ. ಬಾಯಿಗೆ ಬೀಗ ಹಾಕಿಕೊಂಡರೆ ಭಾನುವಾರ ಅದು ಮೂರನೇ ಬೆಂಚಿನ ತನಕ ಹೋಗುತ್ತದೆ, ತಕ್ಕಡಿ ಮೇಷ್ಟ್ರು ತೂಗುತ್ತಾರೆ, ನಲವತ್ತು ಜನರ ಎದುರು ಅಪ್ಪ ತಲೆ ತಗ್ಗಿಸಬೇಕಾಗುತ್ತದೆ. ಜ್ವರ ಬಂದವನ ಹಾಗೆ ಮಲಗಿ ಅವರನ್ನು ತಡೆಯಲೇ ಎಂದು ಯೋಚಿಸಿದೆ. ತಟ್ಟೆಗಳ ಪೆಟ್ಟಿಗೆಯ ಬೀಗದ ಕೈ ಕಳೆದುಬಿಡಲೇ ಎಂದೂ. ತಕ್ಕಡಿ ಮೇಷ್ಟ್ರ ಮನೆಗೆ ಹೋಗಿ ಕೈಮುಗಿದು ಆ ಒಂದು ದಿನ ತಕ್ಕಡಿ ಮನೆಯಲ್ಲೇ ಬಿಟ್ಟು ಬನ್ನಿ ಎನ್ನಲೇ ಎಂದು ಅವರ ಬೀದಿಯ ತಿರುವಿನ ತನಕ ಹೋಗಿ ಬಂದೆ. ಅಪ್ಪನ ಮುಂದೆ ನಿಂತರೆ ನಾಲಿಗೆ ಏಳುವುದಿಲ್ಲ. ನೀನಾದರೆ ಒಂದು ಮಾತಿನಲ್ಲಿ ಹೇಳಿಬಿಡುತ್ತೀಯ, ಅವರೂ ಕೇಳುತ್ತಾರೆ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಸಹ ನಿನ್ನಿಂದಲೇ ಆಗಬೇಕು.

ಬಚ್ಚಲಿನ ಬಾಗಿಲು ಸದ್ದಾಯಿತು, ನಿಲ್ಲಿಸುತ್ತೇನೆ. ಅಕ್ಕನಿಗೆ ತಮ್ಮ ಕೇಳಿದ ಎನ್ನು, ಕೂಸಿನ ಹಣೆಗೆ ನನ್ನದೊಂದು ಮುತ್ತು ಕೊಡು. ನಿನಗೆ ಕಾಲು ಮುಟ್ಟಿ ನಮಸ್ಕಾರ, ಆ ಮಂಡಿಗೆ ಕಾವು ಕೊಡುವುದನ್ನು ಬಿಡಬೇಡ.

ನಿನ್ನ ಮಗ,
ಹಲ್ಲು ಮೇಸ್ತ್ರಿ

ಮರೆತೆ, ಅಲ್ಲ, ಮರೆತದ್ದಲ್ಲ, ಈಗ ಆದದ್ದು. ಕಾಗದ ಮಡಿಸುತ್ತಿದ್ದೆ, ಅಪ್ಪ ಬಂದು ಬಾಗಿಲಲ್ಲಿ ನಿಂತರು. ‘ನಿನ್ನೆ ನಿಮ್ಮ ಭಾವ ಇದ್ರು, ಅದಕ್ಕೆ ಸುಮ್ನಿದ್ದೆ. ಅದು ನಿನ್ನ ಕೈಕೆಲಸ ಅಂತ ಮುಟ್ಟಿದ ಕೂಡ್ಲೇ ಗೊತ್ತಾಯ್ತು ಕಣೋ. ಚೆನ್ನಾಗಿ ಮಾಡಿದೀಯ’ ಎಂದರು. ಆಮೇಲೆ ಅವರು ಹೇಳಿದ್ದು ಕೇಳು. ‘ಒಂದು ವರ್ಷದಿಂದ ಕಣ್ಣು ಸರಿಯಿಲ್ಲ. ಅಸಲೀನ ನಾನೇ ಎಲ್ಲೋ ಬೀಳಿಸಿಬಿಟ್ಟಿದೀನಿ. ನಾನು ನೊಂದ್ಕೋಬಾರ್ದು ಅಂತ ನೀನು ಇದನ್ನ ಮಾಡಿಟ್ಟೆ, ಅಲ್ವಾ?’ ಅಮ್ಮಾ, ನಾನು ಹೂಂ ಅಂದೆ. ಇಲ್ಲ ಅನ್ನಲು ಬಾಯಿ ತೆಗೆದೆ, ಬಂದದ್ದು ಹೂಂ. ಭಾನುವಾರ ಅವರು ಮಾತಾಡುವುದಿಲ್ಲವಂತೆ. ಕಳೆದುಹಾಕುವವನ ಹತ್ತಿರ ಇವೆಲ್ಲ ಇರಬಾರದು ಎಂದು ಅವತ್ತೇ ಅಷ್ಟೂ ತಟ್ಟೆಗಳನ್ನು ತಕ್ಕಡಿ ಮೇಷ್ಟ್ರಿಗೆ ಒಪ್ಪಿಸಿ ಬರುತ್ತಾರಂತೆ. ಪೆಟ್ಟಿಗೆ ಹೊತ್ತು ತರುತ್ತೀಯಾ ಎಂದು ಕೇಳಿದರು. ಹೂಂ ಅಂದೆ. ಶನಿವಾರದೊಳಗೆ ಹೊರಟು ಬಾ ಅಮ್ಮಾ, ಅಕ್ಕನನ್ನು ಎರಡು ದಿನ ಭಾವ ನೋಡಿಕೊಳ್ಳಲಿ. ಹೋಗುವಾಗ ಅಪ್ಪ ನನ್ನ ಬೆನ್ನು ಸವರಿ, ‘ಕಣ್ಣಿನ ವಿಷಯ ನಿಮ್ಮಮ್ಮನಿಗೆ ಬರೀಬೇಡ, ಅವಳಿಗೆ ಗೊತ್ತಿಲ್ಲ, ಹೆದರ್ಕೋತಾಳೆ’ ಎಂದರು. ಅದಕ್ಕೂ ಹೂಂ ಅಂದೆ.