ನರಗುಂದದ ಬೀಗರು ಬರೆದ ಚೌಕ

ಅಪ್ಪಾ,

ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ಸುದ್ದಿ ಇದೆ. ನಿನ್ನ ಕಿರಿಮಗಳು ನೀಲವ್ವನ ಮದುವೆಯಾಯಿತು. ನರಗುಂದದಲ್ಲಿರುವ ನಿನ್ನ ಗೆಳೆಯ ಮಲ್ಲಪ್ಪನವರೇ ಈಗ ನಮ್ಮ ಬೀಗರು. ಮತ್ತೆ ಆ ದಿನ ನಿನ್ನ ಹಿರಿಮಗಳು... ತಾಳು, ಮೊದಲಿನಿಂದ ಹೇಳುತ್ತೇನೆ.

ಮಗ್ಗದ ಪಕ್ಕದ ಮಣ್ಣಿನಲ್ಲಿ ಬೆರಳಿನಿಂದ ಚೌಕಾಬಾರದ ಹಾಗೆ ಮನೆ ಕೊರೆದು ನನಗೆ ಅಕ್ಷರ ಕಲಿಸಿದ್ದು ನೆನಪಿದೆಯೇ? ಒಂದು ಮನೆಗೆ ಒಂದಕ್ಷರ. ಒಗಟಿನ ಉತ್ತರ ಅಡ್ಡ ಹೋದರೆ ಹೊಕ್ಕು, ಮೇಲಿಂದ ಕೆಳಗಿಳಿದರೆ ಹಾಸು. ಎರಡೂ ಕೂಡುವ ಮನೆಯಲ್ಲಿ ಒಂದೇ ಅಕ್ಷರ ಹೊಂದಬೇಕು. ಅದಕ್ಕೆ ನೀನು ಚೌಕ ಎನ್ನುತ್ತಿದ್ದೆ. ಗಜೇಂದ್ರಗಡದ ಜನ ನಮ್ಮದನ್ನು ‘ಒಗಟಿನ ಮನಿ’ ಎಂದು ಕರೆದದ್ದು ಸುಮ್ಮನೆಯೇ? ನೇಯ್ಗೆಗಿಂತ ಆ ಹೆಸರಿನ ಮೇಲೇ ನಿನಗೆ ಹೆಚ್ಚು ಅಭಿಮಾನವಿತ್ತು.

ಬೀಗರ ಬಂಡಿಗಳು ಬಂದು ನಿಂತ ಮುಂಜಾನೆ ಮಲ್ಲಪ್ಪನವರು ಒಳಗೆ ಬರಲೇ ಇಲ್ಲ. ಸಾರಿಸಿದ ಅಂಗಳದಲ್ಲಿ ಕೂತು ಸುಣ್ಣದಿಂದ ಚೌಕ ಬರೆದರು. ಅಡ್ಡಕ್ಕೆ ಮೂರು ಮನೆ. ನಡುವಿನ ಮನೆಯ ತಲೆಯ ಮೇಲೆ ಇನ್ನೊಂದು.

“ಅಡ್ಡಕ್ಕ, ಹಲ್ಲ ಅದಾವು, ನುಂಗೂದಿಲ್ಲ. ಉದ್ದಕ್ಕ, ಇದರಾಗ ಮುಂಜಾನಿ ಇಳಿದಾಂವ ಸಂಜಿಗೆ ಎದ್ದ ಬರ್ತಾನ. ಎರಡೂ ಒಂದ ಜಾಗಾಕ್ಕ ಸೇರಿದ್ದು. ಬಿಡಿಸ್ರಿ. ಇಲ್ಲಾಂದ್ರ ಇವತ್ತಿನಿಂದ ಒಗಟಿನ ಮನಿ ಅಂದ್ರ ನಮ್ಮದ!”

ನಿನ್ನ ತಮ್ಮ, ನಮ್ಮ ಕಾಕಾ, ಸುಮ್ಮನಿರುವ ಆಸಾಮಿಯೇ? ಅಡ್ಡಕ್ಕೆ ‘ಈಳಿಗಿ’, ಉದ್ದಕ್ಕೆ ‘ಹೊಳಿ’ ಎಂದು ತುಂಬಿ ಮೀಸೆ ತಿರುವಿದರು. ‘ಳಿ’ ಏನೋ ಸರಿಯಾಗಿಯೇ ಕೂಡಿತು. ಬೀಗರು ಬಿದ್ದುಬಿದ್ದು ನಕ್ಕರು. “ಈಳಿಗಿ ತಗೊಂಡು ಹೊಳಿಗೆ ಯಾಕ ಹೋಗ್ತೀರಿ? ಜಾಗಾ ಒಂದ ಇರಬೇಕ್ರೆಪಾ!” ನಮ್ಮವರೆಲ್ಲರ ಮುಖ ಸಪ್ಪಗಾಯಿತು. ನೀನು ಗಳಿಸಿದ ಹೆಸರು ನಿನ್ನ ಹೊಸ್ತಿಲಲ್ಲೇ ಹೋಗುವುದೇ ಎಂದು ನನಗೆ ಅಳು ಒತ್ತರಿಸಿ ಬಂತು.

ನೀಲವ್ವನ ತಲೆ ಬಾಚುತ್ತಿದ್ದವಳು ಹಾಗೇ ಎದ್ದು ಬಂದಿದ್ದೆ. ಹಣಿಗಿ ಕೈಯಲ್ಲೇ ಇತ್ತು. ಹಲ್ಲಿದೆ, ನುಂಗುವುದಿಲ್ಲ! ಮಗ್ಗದಲ್ಲಿ ಎಳೆಗಳನ್ನು ಬಿಡಿಸಿಡುವುದೂ ಹಣಿಗಿಯೇ ಅಲ್ಲವೇ? ಹಾಗಾದರೆ ಜಾಗ ಮಗ್ಗ. ನಡುವಿನ ಅಕ್ಷರ ‘ಣಿ’. ಉದ್ದಕ್ಕೆ ‘ಣಿ’ಯಲ್ಲಿ ಮುಗಿಯುವ ಎರಡಕ್ಷರ... ಹೊಳೆಯಿತು, ಆದರೆ ಬಾಯಿಗೆ ಬರಲಿಲ್ಲ.

ನಿನ್ನನ್ನು ಮಣ್ಣಿಗಿಟ್ಟು ಬಂದ ದಿನದಿಂದ ಆ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ನೀನು ಕಾಲು ಇಳಿಬಿಟ್ಟು ನೇಯುತ್ತಿದ್ದ ತಗ್ಗಿಗೂ ಅದೇ ಹೆಸರು, ನಿನ್ನನ್ನು ಇಟ್ಟು ಬಂದ ತಗ್ಗಿಗೂ ಅದೇ. ಮಗ್ಗದ ಕೆಳಗಿನ ತಗ್ಗಿಗೆ ಹಲಗೆ ಮುಚ್ಚಿಬಿಟ್ಟಿದ್ದೆವು. ನೇಕಾರರ ಮನೆಯವರಿಗೇ ಮಗ್ಗದ ಒಗಟು ಬಿಡಿಸಲು ಆಗದಿದ್ದುದು ಏಕೆಂದು ಈಗ ತಿಳಿಯಿತೇ?

ಬಾಗಿಲ ಮರೆಯಲ್ಲಿದ್ದ ಅವ್ವ ನನ್ನ ಮುಖ ನೋಡಿದಳು. ಅವಳಿಗೆ ಆಗಲೇ ಗೊತ್ತಾಗಿತ್ತು. “ಹೇಳವಾ, ಅಂಜಬ್ಯಾಡ. ಅದರಾಗ ಕಾಲಿಟ್ಟ ಕುಂತ ನಿಮ್ಮಪ್ಪ ನಮ್ಮನ್ನೆಲ್ಲಾ ಸಾಕಿದ.”

“ಕುಣಿ,” ಎಂದೆ. “ಮಗ್ಗದ ಕುಣಿ ಐತ್ರಿ. ಅಡ್ಡಕ್ಕ ಹಣಿಗಿ.”

ಮಲ್ಲಪ್ಪನವರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. “ಇದನ್ನ ನಿಮ್ಮಪ್ಪಗಂತ ಕಟ್ಟಿದ್ದೆ ತಂಗಿ. ಅಂವ ಇದ್ದಿದ್ರ ಇಷ್ಟ ಜಲ್ದಿ ಬಿಡಸ್ತಿದ್ದಿಲ್ಲ.” ಕೇಳಿದೆಯಾ ಅಪ್ಪಾ? ಸೊಕ್ಕು ಅನ್ನುವುದಾದರೆ ಅನ್ನು. ನಾನು ಉಬ್ಬಿಹೋದೆ. ಮನೆಯ ಹೆಸರು ಮನೆಯಲ್ಲೇ ಉಳಿಯಿತು.

ಇನ್ನೊಂದು ಸುದ್ದಿ. ಇವತ್ತು ಹಲಗೆ ತೆಗೆದೆವು. ಅವ್ವ ಲಾಳಿಗೆ ನೂಲು ಸುತ್ತಿಕೊಟ್ಟಳು. ಹಣಿಗಿ ಬಡಿದ ಸದ್ದಿಗೆ ಓಣಿಯವರು ಬಂದು ಇಣುಕಿ ಹೋದರು. ಸೀರೆಯ ಅಂಚು ಸ್ವಲ್ಪ ಸೊಟ್ಟಗಿದೆ, ನಗಬೇಡ.

ನಿನ್ನ ಕುಣಿಗೆ ಮುಂಜಾನೆ ಇಳಿದೆ ಅಪ್ಪಾ. ಸಂಜೆಗೆ ಎದ್ದು ಬಂದೆ.

ನಿನ್ನ ಗಂಗವ್ವ