ಕೆಂಪಾದ ಹಳದಿ ಅಂಗಿಗಳು

೩ ಆಗಸ್ಟ್ ೧೯೯೮

ಶ್ರಾವಣ ಸೋಮವಾರದ ಉಪವಾಸ. ಅಂಗಳ ಸಾರಿಸಿ, ಪೂಜೆ ಮುಗಿಸಿ, ಸಾಲೆಯ ಪ್ರದರ್ಶನಕ್ಕೆ ಕೊಡಬೇಕಾದ ಬೆರಳುದ್ದದ ಮಣ್ಣಿನ ಸಿಪಾಯಿಗಳಿಗೆ ಬಣ್ಣ ಹಚ್ಚಲು ಕುಳಿತೆ. ಹಳೆಯ ಕಾಲದ ದಂಡು, ಹಳದಿ ಅಂಗಿ. ಮೊದಲು ಬಿಳಿ ತಳ ಹಚ್ಚದೆ ಹಳದಿ ಎದ್ದು ಕಾಣುವುದಿಲ್ಲ. ಆ ತಳವನ್ನು ಪ್ರತಿ ವರ್ಷ ತಂಗಿ ಶೈಲಜಾ ಸಿರಸಂಗಿಯಿಂದ ಬಂದು, ಸೀಮೆಸುಣ್ಣ ಅರೆದು ಹಚ್ಚುತ್ತಿದ್ದಳು. ಹೋದ ವರ್ಷ ಜಗಳವಾದ ಮೇಲೆ ಬಂದಿಲ್ಲ. ನಾನು ಗೋಡೆಯ ಸುಣ್ಣವನ್ನೇ ಹಚ್ಚಿ ಮೇಲೆ ಅರಿಷಿಣ ಬಳಿದೆ. ಸುಣ್ಣಕ್ಕೆ ಅರಿಷಿಣ ಬೆರೆತು ಅಂಗಿಗಳೆಲ್ಲ ಕೆಂಪಾದವು!

ನೆರೆಮನೆಯ ರಾಚವ್ವ ನೋಡಿ, “ಯಾಕವ್ವ, ಸಿಪಾಯಿಗೋಳಿಗೆ ಆರತಿ ನೀರಾಗ ಜಳಕ ಮಾಡಿಸಿದೇನ?” ಎಂದಳು. ಇಬ್ಬರೂ ನಕ್ಕೆವು. ಆಕೆ ಹೋದ ಮೇಲೆ ಮನೆ ಭಣಭಣ ಎನ್ನತೊಡಗಿತು. ಶೈಲಜಾ ಇದ್ದಿದ್ದರೆ ಇನ್ನೂ ನಗುತ್ತಿದ್ದಳು.

ನಾಳೆ ರಾಚವ್ವ ಸಿರಸಂಗಿ ಕಾಳವ್ವನ ದರ್ಶನಕ್ಕೆ ಹೋಗುತ್ತಾಳೆ. “ಶೈಲಜಾಗ, ಅಕ್ಕ ಕರದಾಳ, ತಳ ಹಚ್ಚಾಕ ಬಾ ಅಂತ ಹೇಳವ್ವ” ಎಂದಿದ್ದೇನೆ. ರಾಚವ್ವ, ಶೈಲಜಾ ಬೈದರೂ ಚಿಂತೆಯಿಲ್ಲ, ಏನಂದಳೋ ಅದನ್ನು ಹಾಗೆಯೇ ತಂದು ಹೇಳು.